ಆಕಾಶದ ಪಂಕ್ತಿಭೇದ

ಒಂದು ಕಾಗದಕ್ಕೆ ಹಾಕಿದ ಸಹಿಯನ್ನು ವಾಪಸು ತಗೊಳ್ಳೋದಕ್ಕೆ ಈ ಲೇಖನ ಬರೆಯುತ್ತಿದ್ದೇನೆ. ವಿಮರ್ಶೆ ಅಂದರೆ ಅಚ್ಚಾದ ಪುಸ್ತಕದ ಮೇಲೆ ಬರೆಯೋದು ಅಂತ ನಮಗೆ ಕಾಲೇಜಿನಲ್ಲಿ ಕಲಿಸಿದರು. ಆದರೆ ಮಕ್ಕಳ ಕೈಯಲ್ಲಿ ಯಾರು ಏನು ಬರೆಸುತ್ತಿದ್ದಾರೆ, ಬರೆದದ್ದನ್ನು ಯಾರು ಯಾವ ತಕ್ಕಡಿಯಲ್ಲಿ ತೂಗುತ್ತಿದ್ದಾರೆ ಅನ್ನೋದನ್ನು ನೋಡದೇ ಹೋದರೆ, ನಾಳೆ ಯಾವ ಪುಸ್ತಕ ಹುಟ್ಟುತ್ತದೆ, ಯಾವುದು ಹುಟ್ಟೋದೇ ಇಲ್ಲ ಅನ್ನೋದು ನಮಗೆ ತಿಳಿಯುವುದಿಲ್ಲ. ಆದ್ದರಿಂದ ಇದೂ ವಿಮರ್ಶೆಯೇ.

2025ರ ಆಗಸ್ಟ್ ತಿಂಗಳು. ರಾಷ್ಟ್ರೀಯ ಬಾಹ್ಯಾಕಾಶ ದಿನದ ಹೆಸರಲ್ಲಿ ನಮ್ಮ ತಿಪಟೂರು, ತುರುವೇಕೆರೆ ಸೀಮೆಯ ಶಾಲಾ ಮಕ್ಕಳಿಗೆ ಸಂಸ್ಥೆಯೊಂದು ಸ್ಪರ್ಧೆ ಇಟ್ಟಿತು. ಆಕಾಶಕ್ಕೆ ಸಂಬಂಧಪಟ್ಟ ಮೂರು ಫೋಟೋ ತೆಗೆಯಬೇಕು, ಆ ಮೂರನ್ನೂ ಕೂಡಿಸಿ ಒಂದು ಕಥೆ ಬರೆಯಬೇಕು. ತೀರ್ಪುಗಾರರು ಮೂವರು. ಒಬ್ಬರು ವಿಜ್ಞಾನ ಬಲ್ಲವರು, ಒಬ್ಬರು ಫೋಟೋ ಬಲ್ಲವರು, ಮೂರನೆಯವನು ನಾನು. ಒಂದು ಕವನ ಸಂಕಲನ ತಂದಿದ್ದೇನೆ, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಕರೆದವರು ಬಾಯಿಬಿಟ್ಟು ಹೇಳಿದರು: ‘ನಿಮ್ಮೋರು ಒಬ್ರು ಇರ್ಲಿ ಅಂತ.’ ನನಗೆ ಆ ಮಾತಿನಿಂದ ನೋವಾಗಬೇಕಿತ್ತು. ನಿಜ ಹೇಳುತ್ತೇನೆ, ಖುಷಿಯಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಮೊದಲು ಈ ದಿನದ ಹಿನ್ನೆಲೆ ಹೇಳಿಬಿಡುತ್ತೇನೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಂ ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿಯಿತು. ಅದರ ನೆನಪಿಗೆ 2024ರಿಂದ ಆ ತಾರೀಖು ರಾಷ್ಟ್ರೀಯ ಬಾಹ್ಯಾಕಾಶ ದಿನವಾಗಿದೆ. ಇಳಿಯುವ ಹೊತ್ತಿಗೆ ನಮ್ಮ ಕೇರಿಯ ಹುಡುಗರೂ ಒಂದೇ ಫೋನಿನ ಸುತ್ತ ತಲೆ ಕೂಡಿಸಿ ನೋಡಿದರು, ಕೇಕೆ ಹಾಕಿದರು. ಅದರಲ್ಲಿ ನಾನೂ ಒಬ್ಬ. ಆ ಸಂತೋಷವನ್ನು ನಾನು ಹಂಗಿಸುತ್ತಿಲ್ಲ. ಮೂರು ದಿನ ಕಳೆಯುವುದರೊಳಗೆ ಪ್ರಧಾನಿ ಬೆಂಗಳೂರಿಗೆ ಬಂದು ಇಳಿದ ಜಾಗಕ್ಕೆ ‘ಶಿವಶಕ್ತಿ’ ಅಂತ ಹೆಸರಿಟ್ಟರು. ಹುಲ್ಲೂ ಬೆಳೆಯದ, ಗಾಳಿಯೂ ಇಲ್ಲದ ನೆಲ ಅದು. ಅಲ್ಲಿಗೂ ಒಂದು ಗುಡಿಯ ಹೆಸರು ಹೋಗಿ ಕೂತಿತು.

2025ರ ಬಾಹ್ಯಾಕಾಶ ದಿನಕ್ಕೆ ಸರ್ಕಾರ ಕೊಟ್ಟ ಘೋಷವಾಕ್ಯದ ತಾತ್ಪರ್ಯ ಇಷ್ಟು: ಆರ್ಯಭಟನಿಂದ ಗಗನಯಾನಕ್ಕೆ, ಪ್ರಾಚೀನ ವಿವೇಕದಿಂದ ಅನಂತ ಸಾಧ್ಯತೆಗಳಿಗೆ. ಅದೇ ದಿನ ಹಿಮಾಚಲ ಪ್ರದೇಶದ ಊನಾ ಕಡೆಯ ಒಂದು ಶಾಲೆಯಲ್ಲಿ ಸಂಸದ ಅನುರಾಗ್ ಠಾಕೂರ್ ಮಕ್ಕಳನ್ನು ಕೇಳಿದರು, ಬಾಹ್ಯಾಕಾಶಕ್ಕೆ ಮೊದಲು ಹೋದವರು ಯಾರು ಅಂತ. ಮಕ್ಕಳು ನೀಲ್ ಆರ್ಮ್‌ಸ್ಟ್ರಾಂಗ್ ಅಂದವು. ಸಂಸದರು, ನನಗನ್ನಿಸೋದು ಹನುಮಂತ, ಅಂದರು. ಸರಿಯಾದ ಉತ್ತರ ಯೂರಿ ಗಗಾರಿನ್, 1961ರ ಏಪ್ರಿಲ್ 12. ಮಕ್ಕಳ ತಪ್ಪು ತಿದ್ದಬಹುದಾದ ತಪ್ಪು. ದೊಡ್ಡವರು ಹೇಳಿದ್ದನ್ನು ತಿದ್ದುವವರು ಯಾರು? ಕಥೆ ಹೇಳುವ ಸ್ಪರ್ಧೆ ಮಕ್ಕಳ ನಡುವೆ ಶುರುವಾಗುವ ಮೊದಲೇ ಮೇಲಿನವರ ನಡುವೆ ನಡೆದು ಮುಗಿದಿತ್ತು. ನಮ್ಮ ತಾಲ್ಲೂಕಿನ ಸ್ಪರ್ಧೆಗೆ ಬಂದ ಗಾಳಿ ಬೀಸಿದ್ದು ಆ ಕಡೆಯಿಂದಲೇ.

*

ನಮ್ಮ ಮುಂದೆ ಬಂದ ಕಟ್ಟಿನಲ್ಲಿ ಒಳ್ಳೆಯವೂ ಇದ್ದವು. ಪಟ್ಟಣದ ಒಬ್ಬ ಹುಡುಗ ಮನೆಯ ಮಹಡಿ ಮೇಲೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಉತ್ತರಕ್ಕೆ ಮುಖಮಾಡಿ, ರಾತ್ರಿಯೆಲ್ಲ ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸಿದ್ದ. ನಕ್ಷತ್ರಗಳೆಲ್ಲ ಬಳೆಯ ತುಂಡುಗಳ ಹಾಗೆ ಬಾಗಿದ್ದವು. ಭೂಮಿ ಗಂಟೆಗೆ ಹದಿನೈದು ಡಿಗ್ರಿ ತಿರುಗುವುದು ಅದರಲ್ಲಿ ಅಳೆಯುವಂತೆ ಕಾಣುತ್ತಿತ್ತು. ಬಳೆಗಳ ನಡುವೆ ಧ್ರುವ, ನೆಲದಿಂದ ಬರೀ ಹದಿಮೂರು ಡಿಗ್ರಿ ಎತ್ತರದಲ್ಲಿ. ನಮ್ಮ ಊರುಗಳಿರುವುದು ಹದಿಮೂರನೇ ಅಕ್ಷಾಂಶದಲ್ಲಿ, ಅದಕ್ಕೆ. ಆ ಹುಡುಗನಿಗೆ ಬಹುಮಾನ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಎರಡನೆಯದು ಕೊಟ್ಟರು. ಮೊದಲನೆಯದು ಹೋದದ್ದು ಗೋಪುರದ ಮುಂದೆ ಥರ್ಮೋಕೋಲ್ ರಾಕೆಟ್ ನಿಲ್ಲಿಸಿ ತೆಗೆದ ಚಿತ್ರಕ್ಕೆ. ಅದರ ಕಥೆಯಲ್ಲಿ ಪುಷ್ಪಕ ವಿಮಾನ ಇಂಧನವಿಲ್ಲದೆ ಹಾರುತ್ತದೆ, ಋಷಿಗಳು ಅದರ ನಕ್ಷೆ ಬರೆದಿರುತ್ತಾರೆ, ವಿದೇಶಿಯರು ಕದಿಯುತ್ತಾರೆ. ಭಾಷೆ ಸ್ವಚ್ಛ. ಕೈಬರಹ ಮುತ್ತು ಪೋಣಿಸಿದ ಹಾಗೆ. ಬರೆದ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಯಾವ ಕಥೆಗೆ ಬಹುಮಾನ ಬರುತ್ತದೆ ಅನ್ನೋದು ಮಕ್ಕಳಿಗೆ ನಮಗಿಂತ ಬೇಗ ಗೊತ್ತಾಗುತ್ತದೆ.

ಕಟ್ಟಿನ ತಳದಲ್ಲಿ ಇನ್ನೊಂದಿತ್ತು. ಸಂಪಿಗೆ ಕಡೆಯ ಒಂದು ಊರಿನ, ಎಂಟನೇ ತರಗತಿಯ ಹುಡುಗಿ. ಊರೂ ಹೆಸರೂ ಬೇಡ. ತಾಯಿ ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಸುಲಿದು ಚಿಪ್ಪು ಬಿಡಿಸೋ ಕೂಲಿ. ಓದುಗರಲ್ಲಿ ಬೇರೆ ಸೀಮೆಯವರಿಗೆ ಹೇಳಬೇಕು: ನಮ್ಮ ಕಡೆ ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಗೆ ಆಗುತ್ತದೆ. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ. ಅದೇ ತಿಪಟೂರಿನ ಉಂಡೆ ಕೊಬ್ಬರಿ. ಮರ ಇರುವವನಿಗೆ ಅದು ಕಲ್ಪತರು. ಸುಲಿಯುವವಳಿಗೆ ಎಣಿಸಿ ಕೊಡುವ ಕೂಲಿ.

ಅವಳ ಮೊದಲ ಚಿತ್ರ ಅಂಥ ಶೆಡ್ಡಿನ ನೆಲದ್ದು. ಹಂಚಿನ ಸಂದುಗಳಿಂದ ಬಿಸಿಲು ಬಿದ್ದು ನೆಲದ ತುಂಬ ದುಂಡು ದುಂಡು ಬೆಳಕು. ‘ಇವು ಸೂರ್ಯನ ಮರಿಗಳು’ ಅಂತ ಕೆಳಗೆ ಬರೆದಿದ್ದಳು. ಎರಡನೆಯದರಲ್ಲಿ ಗುಡಿಸದ ಅಂಗಳ, ಬಾಳೆ ಎಲೆ ಹಾಕಿದ್ದ ಗುರುತು, ನಡುವೆ ಒಂದು ಸಾಲು ಖಾಲಿ. ಮೂರನೆಯದು ಪೂರ್ತಿ ಕಪ್ಪು. ಅದರ ಕೆಳಗೆ: ‘ಇಲ್ಲಿ ನಕ್ಷತ್ರ ಅವೆ. ಫೋನಿಗೆ ಕಾಣಾಕಿಲ್ಲ. ನಂಗೆ ಕಾಣ್ತವೆ.’

ಕಥೆ ರಾಹುವಿನದು. ಅಜ್ಜಿ ಹೇಳಿದ್ದು ಅಂತ ಮೊದಲೇ ಬರೆದುಕೊಂಡಿದ್ದಳು. ಕಡಲು ಕಡೆದಾಗ ರಾಹುವಿನ ಕಡೆಯವರೂ ಹಗ್ಗ ಹಿಡಿದು ಎಳೆದಿದ್ದರು. ಅಮೃತ ಬಂತು. ಬಡಿಸೋವಾಗ ಸಾಲು ಬೇರೆಬೇರೆ ಆಯಿತು. ರಾಹು ದೇವತೆಗಳ ಸಾಲಿನಲ್ಲಿ ಹೋಗಿ ಕೂತ. ಸೂರ್ಯ, ಚಂದ್ರ ಚಾಡಿ ಹೇಳಿದರು. ಚಕ್ರ ಬಂತು, ತಲೆ ಹೋಯಿತು. ಇಷ್ಟು ಎಲ್ಲರಿಗೂ ಗೊತ್ತು. ಆಮೇಲೆ ಹುಡುಗಿ ಬರೆದದ್ದು: ‘ಎದ್ದೇಳು ಅಂದಿದ್ರೆ ಎದ್ದೋಗ್ತಿದ್ದ. ತಲೆ ಯಾಕೆ ಕುಯ್ದ್ರು? ಅವ್ನು ಹಸ್ಕೊಂಡು ಸೂರ್ಯನ್ನ ನುಂಗಲ್ಲ. ಚಾಡಿ ಹೇಳ್ದೋನ್ನ ಹಿಡ್ಕೊಂಡು ಕೇಳ್ತಾನೆ. ಗಂಟ್ಲು ಇಲ್ವಲ್ಲ, ಅದುಕ್ಕೆ ಅವ್ನು ಆಚಿಂದ ಬಂದ್ಬುಡ್ತಾನೆ. ಇನ್ನೊಂದಪ ಕೇಳ್ತಾನೆ.’

ಆಮೇಲೆ 2019ರ ಡಿಸೆಂಬರ್ 26 ಬರುತ್ತದೆ. ಆವತ್ತು ಬೆಳಿಗ್ಗೆ ಕಾಸರಗೋಡು, ಕೊಡಗಿನ ಕಡೆ ಕಂಕಣ ಗ್ರಹಣ. ನಮ್ಮ ಕಡೆ ಸೂರ್ಯನ ಬಹುಪಾಲು ಮುಚ್ಚಿತ್ತು. ಅವಳಿಗೆ ಆಗ ಏಳು ವರ್ಷ. ಅಜ್ಜಿ ಬಾಗಿಲು ಹಾಕಿ ಒಳಗೆ ಕೂರಿಸಿದ್ದಳು. ಒಡೆದ ಹಂಚಿನ ಸಂದಿನಿಂದ ದಿನಾ ಗೋಡೆ ಮೇಲೆ ಬೀಳುತ್ತಿದ್ದ ದುಂಡು ಬೆಳಕು ಆವತ್ತು ಕುಡುಗೋಲಾಯಿತಂತೆ. ‘ಬಾಕ್ಲು ಹಾಕಿದ್ರೂ ಗ್ರಹಣ ನಮ್ಮನೆ ವಳಿಕ್ಕೆ ಬಂತು. ಗ್ವಾಡೆ ತುಂಬ ಕುಡ್ಲು.’ ಕಥೆ ಅಲ್ಲಿಗೆ ಮುಗಿಯುತ್ತದೆ.

ಒಬ್ಬ ತೀರ್ಪುಗಾರರು ಓದಿ, ಇದರಲ್ಲಿ ಬಾಹ್ಯಾಕಾಶ ಎಲ್ಲಿದೆ, ಅಂದರು. ಇನ್ನೊಬ್ಬರು, ರಾಹು ಕೇತು ಅಂದರೆ ಮೂಢನಂಬಿಕೆ, ಮಕ್ಕಳಿಗೆ ವೈಜ್ಞಾನಿಕ ಮನೋಭಾವ ಬೇಕು, ಅಂದರು. ಭಾಷೆಗೆ ಹತ್ತು ಅಂಕ ಇಟ್ಟಿದ್ದರು, ‘ವಳಿಕ್ಕೆ’, ‘ಗ್ವಾಡೆ’, ‘ಕುಡ್ಲು’ಗಳ ಕೆಳಗೆ ಕೆಂಪು ಗೆರೆ ಬಿತ್ತು. ಕಪ್ಪು ಫೋಟೋಗೆ ಸೊನ್ನೆ. ನಾನು ಸುಮ್ಮನೆ ಕೂತಿದ್ದೆ. ಆ ಸಾಲಿನಲ್ಲಿ ಕೂರಲು ನನ್ನನ್ನು ಕರೆದಿದ್ದರು. ಎದ್ದೇಳು ಅಂದುಬಿಡುತ್ತಾರೇನೋ ಅನ್ನೋ ಭಯ ನನಗೆ. ಸಹಿ ಹಾಕಿದೆ. ಕಾಫಿ ಕೊಟ್ಟರು, ಕುಡಿದೆ.

*

ಮೂರು ಆಕ್ಷೇಪಣೆಗಳಿಗೆ ಉತ್ತರ ಅಲ್ಲಿ ಹೇಳಬೇಕಿತ್ತು. ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಇದರಲ್ಲಿ ಬಾಹ್ಯಾಕಾಶ ಎಲ್ಲಿದೆ? ನೆಲದ ಮೇಲಿದೆ ಸ್ವಾಮಿ. ಹಂಚಿನ ಸಂದು ಚೌಕ ಇರಲಿ, ಮೂರು ಮೂಲೆ ಇರಲಿ, ಸಣ್ಣದಾಗಿದ್ದು ನೆಲ ದೂರದಲ್ಲಿದ್ದರೆ ಬೀಳುವ ಬೆಳಕು ದುಂಡಗೇ ಇರುತ್ತದೆ. ಯಾಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ತೆಂಗಿನ ಗರಿಗಳ ನಡುವೆ ಸೋಸಿ ತೋಟದ ನೆಲದ ಮೇಲೆ ಬೀಳುವುದೂ ಅದೇ. ಸಾವಿರ ವರ್ಷದ ಹಿಂದೆ ಇಬ್ನ್ ಅಲ್-ಹೈಥಮ್ ಎಂಬ ಅರಬ್ಬಿ ಪಂಡಿತ ಗ್ರಹಣದ ಹೊತ್ತಿನಲ್ಲಿ ಸಣ್ಣ ಕಿಂಡಿಯಿಂದ ಬಿದ್ದ ಬೆಳಕು ಯಾಕೆ ಕುಡುಗೋಲಿನಂತೆ ಕಾಣುತ್ತದೆ ಅಂತ ವಿಚಾರ ಮಾಡಿ ಒಂದು ಹೊತ್ತಿಗೆಯನ್ನೇ ಬರೆದ. ಕ್ಯಾಮೆರಾ ಎಂಬ ಮಾತಿನ ಮೂಲ ಅರ್ಥವೇ ಕೋಣೆ. ಕತ್ತಲೆ ಕೋಣೆ, ಗೋಡೆಯಲ್ಲೊಂದು ತೂತು. ಫೋಟೋಗ್ರಫಿ ಹುಟ್ಟಿದ್ದು ಅಲ್ಲಿ. ಆ ಹುಡುಗಿ ಏಳನೇ ವಯಸ್ಸಿನಲ್ಲಿ ಕ್ಯಾಮೆರಾದ ಒಳಗೇ ಕೂತಿದ್ದಳು.

ಅಷ್ಟೇ ಅಲ್ಲ. ಆ ಬೆಳಕಿನ ಅಗಲಕ್ಕೂ ಸಂದಿನಿಂದ ಅದು ಬಿದ್ದ ದೂರಕ್ಕೂ ಒಂದು ಲೆಕ್ಕ ಇದೆ. ಬೆಳಕಿಗೆ ನೇರವಾಗಿ ಕಾಗದ ಹಿಡಿದರೆ ದೂರದ 108ರಲ್ಲಿ ಒಂದು ಪಾಲಿನಷ್ಟು ಅಗಲ ಬರುತ್ತದೆ. ಮೂರು ಮೀಟರ್ ದೂರಕ್ಕೆ ಸುಮಾರು 2.8 ಸೆಂಟಿಮೀಟರ್. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅದನ್ನು 108ರಿಂದ ಭಾಗಿಸಿ ನೋಡಿ, ಹೆಚ್ಚುಕಮ್ಮಿ 14 ಲಕ್ಷ ಕಿಲೋಮೀಟರ್ ಬರುತ್ತದೆ. ಅದೇ ಸೂರ್ಯನ ಅಗಲ. ಕೊಬ್ಬರಿ ಶೆಡ್ಡಿನಲ್ಲಿ, ಒಂದು ಸ್ಕೇಲು ಹಿಡಿದುಕೊಂಡು, ಕೂಲಿಯವಳ ಮಗಳು ಸೂರ್ಯನನ್ನು ಅಳೆಯಬಹುದು. ಇದಕ್ಕಿಂತ ದೊಡ್ಡ ಬಾಹ್ಯಾಕಾಶದ ಫೋಟೋ ಆ ಕಟ್ಟಿನಲ್ಲಿ ಇನ್ನೊಂದು ಇರಲಿಲ್ಲ.

ಆ ಕಪ್ಪು ಚಿತ್ರದ ಮಾತು. ಫೋನು ಕೈಯಲ್ಲಿ ಹಿಡಿದು ಒತ್ತಿದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಬೆಳಕು ತಗೊಳ್ಳುತ್ತದೆ. ನಕ್ಷತ್ರಕ್ಕೆ ಹತ್ತಿಪ್ಪತ್ತು ಸೆಕೆಂಡು ಅಲುಗಾಡದೆ ಬಿಡಬೇಕು. ಅದಕ್ಕೆ ಸ್ಟ್ಯಾಂಡು ಬೇಕು, ಆ ಸವಲತ್ತಿರುವ ಫೋನು ಬೇಕು, ರಾತ್ರಿ ಫೋನು ಮಕ್ಕಳ ಕೈಯಲ್ಲಿ ಇರಬೇಕು. ಕೇರಿಯ ಮನೆಯಲ್ಲಿ ಫೋನು ಒಂದೇ, ಅದು ಅಪ್ಪನ ಜೇಬಿನಲ್ಲಿ. ಹಾಸ್ಟೆಲಿನ ಮಕ್ಕಳು ಫೋನು ಇಟ್ಟುಕೊಳ್ಳುವ ಹಾಗೇ ಇಲ್ಲ. ಇಸ್ರೋ 2019ರಲ್ಲಿ ಒಂಬತ್ತನೇ ತರಗತಿ ಮಕ್ಕಳಿಗೆ ಶುರುಮಾಡಿದ ಯುವಿಕಾ ಶಿಬಿರದ ಆಯ್ಕೆಯಲ್ಲಿ ಹಳ್ಳಿ ಶಾಲೆಯವರಿಗೆ ಒಂದಿಷ್ಟು ಅಂಕ ಹೆಚ್ಚಿಗೆ ಕೊಡುತ್ತಾರೆ. ರಾಕೆಟ್ಟು ಹಾರಿಸುವವರಿಗೇ ಗೊತ್ತಿದೆ, ಎಲ್ಲರೂ ನಿಂತಿರುವ ನೆಲ ಒಂದೇ ಮಟ್ಟದಲ್ಲಿಲ್ಲ ಅಂತ. ತಾಲ್ಲೂಕು ಮಟ್ಟದ ಫೋಟೋ ಸ್ಪರ್ಧೆಯವರಿಗೆ ಗೊತ್ತಾಗಲಿಲ್ಲ. ಆ ಸೊನ್ನೆ ಅವಳಿಗೆ ಹಾಕಿದ್ದಲ್ಲ, ಅವಳಪ್ಪನ ಜೇಬಿಗೆ ಹಾಕಿದ್ದು.

ಎರಡನೆಯದು, ಮೂಢನಂಬಿಕೆ. ಇಲ್ಲಿ ನನ್ನ ಗೆಳೆಯರಾದ ವಿಚಾರವಾದಿಗಳೂ ಸ್ವಲ್ಪ ನಿಧಾನ ಮಾಡಬೇಕು. ಗ್ರಹಣದ ಹೆಸರಲ್ಲಿ ಏನೇನು ನಡೆಯುತ್ತದೆ ಅನ್ನೋದು ನನಗೆ ಗೊತ್ತಿಲ್ಲದ್ದಲ್ಲ. ಅದೇ 2019ರ ಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತದೆ ಅಂತ, ಕತ್ತಿನ ತನಕ ಮಣ್ಣಲ್ಲಿ ಹೂತಿಟ್ಟರು. ಅದು ಮೂಢನಂಬಿಕೆ. ಪುಷ್ಪಕ ವಿಮಾನಕ್ಕೆ ನಕ್ಷೆ ಇತ್ತು ಅನ್ನೋದೂ ಮೂಢನಂಬಿಕೆ, ಸೂಟು ಹಾಕಿದ ಮೂಢನಂಬಿಕೆ. ಅದಕ್ಕೆ ನಾವು ಮೊದಲ ಬಹುಮಾನ ಕೊಟ್ಟೆವು. ಹುಡುಗಿ ಎಲ್ಲೂ ರಾಹು ನಿಜವಾಗಿ ಇದ್ದಾನೆ ಅನ್ನಲಿಲ್ಲ. ಕಥೆಯನ್ನು ಕಥೆ ಅಂತಲೇ ಇಟ್ಟುಕೊಂಡು, ತಲೆ ಯಾಕೆ ಕುಯ್ದ್ರು ಅಂತ ಕೇಳಿದಳು. ಪುರಾಣವನ್ನು ವಿಜ್ಞಾನ ಅಂತ ಮಾರೋದು ಬೇರೆ, ಪುರಾಣದ ಹತ್ತಿರ ನ್ಯಾಯ ಕೇಳೋದು ಬೇರೆ. ಎರಡನೆಯದನ್ನು ನಾವು ಸಾಹಿತ್ಯ ಅನ್ನುತ್ತೇವೆ. ಬಂಡಾಯ ಅಂತಲೂ ಅನ್ನುತ್ತೇವೆ.

ಘೋಷವಾಕ್ಯದಲ್ಲಿ ಹೆಸರು ಬಂದಿರುವ ಆರ್ಯಭಟನನ್ನೇ ತಗೊಳ್ಳಿ. 499ರಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ, ಗ್ರಹಣಕ್ಕೆ ರಾಹು ಕಾರಣವಲ್ಲ, ಚಂದ್ರನ ನೆರಳು ಭೂಮಿಯ ನೆರಳು ಕಾರಣ ಅಂದ. ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ ಅಂದ. ನೂರು ವರ್ಷದ ಮೇಲೆ ಬ್ರಹ್ಮಗುಪ್ತ, ಇದು ವೇದ ಸ್ಮೃತಿಗಳಿಗೆ ವಿರೋಧ ಅಂತ ಅವನ ಮೇಲೆ ಬಿದ್ದ. ಪ್ರಾಚೀನ ವಿವೇಕ ಅಂತ ಒಂದೇ ಗಂಟು ಇರಲಿಲ್ಲ, ಅಲ್ಲಿ ಜಗಳ ಇತ್ತು. ಯಾರು ಶಾಸ್ತ್ರವನ್ನು ಎದುರು ಹಾಕಿಕೊಂಡನೋ ಅವನ ಹೆಸರನ್ನೇ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ನಮ್ಮ ಮೊದಲ ಉಪಗ್ರಹಕ್ಕೆ ಇಟ್ಟರು. 1975ರ ಏಪ್ರಿಲ್ 19ರಂದು ಅದು ಹಾರಿತು. ಜಗಳವನ್ನು ಮರೆಸಿ ಹೆಸರನ್ನು ಮಾತ್ರ ಉಳಿಸಿಕೊಂಡರೆ ಅದು ಆರ್ಯಭಟನಿಗೆ ಮಾಡುವ ಅವಮಾನ.

ಇನ್ನು ಆಕಾಶ. ಮೇಲೆ ಜಾತಿ ಇಲ್ಲ, ನಕ್ಷತ್ರಕ್ಕೆ ಜಾತಿ ಉಂಟೇ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ನಕ್ಷತ್ರಕ್ಕಿಲ್ಲ, ಅದಕ್ಕೆ ಕಟ್ಟಿದ ಕಥೆಗಿದೆ. ಏಪ್ರಿಲ್, ಮೇ ತಿಂಗಳ ರಾತ್ರಿ ಕೆರೆ ಏರಿ ಮೇಲೆ ನಿಂತು ದಕ್ಷಿಣಕ್ಕೆ ನೋಡಿ. ದಿಗಂತದ ಹತ್ತಿರ ಶಿಲುಬೆಯಂತೆ ನಾಲ್ಕು ನಕ್ಷತ್ರ. ಅದನ್ನು ತ್ರಿಶಂಕು ಅನ್ನುತ್ತಾರೆ. ರಾಮಾಯಣದ ಬಾಲಕಾಂಡದಲ್ಲಿ ಆ ರಾಜನಿಗೆ ವಸಿಷ್ಠನ ಮಕ್ಕಳು ಚಂಡಾಲನಾಗು ಅಂತ ಶಾಪ ಕೊಡುತ್ತಾರೆ. ಆ ದೇಹದಲ್ಲೇ ಸ್ವರ್ಗಕ್ಕೆ ಹೊರಟವನನ್ನು ಇಂದ್ರ ಬಾಗಿಲಿನಿಂದ ತಳ್ಳುತ್ತಾನೆ. ಮೇಲೂ ಇಲ್ಲ, ಕೆಳಗೂ ಇಲ್ಲ, ತಲೆಕೆಳಗಾಗಿ ನೇತಾಡುತ್ತಾನೆ. ಪಟ್ಟಣಕ್ಕೆ ಓದಲು ಹೋದ ನನ್ನ ವಾರಿಗೆಯವರಿಗೆ ಈ ನಕ್ಷತ್ರದ ಕಥೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮದುವೆಯಲ್ಲಿ ಪುರೋಹಿತರು ಹೆಣ್ಣುಗಂಡಿಗೆ ಅರುಂಧತಿ ತೋರಿಸುತ್ತಾರೆ. ಸಪ್ತರ್ಷಿ ಮಂಡಲದ ಬಾಲದಲ್ಲಿ ವಸಿಷ್ಠನ ಪಕ್ಕದ ಮಿಣುಕು ಅದು. ಅರಬ್ಬರು ಕಣ್ಣಿನ ದೃಷ್ಟಿ ಪರೀಕ್ಷೆಗೆ ಅದನ್ನೇ ನೋಡುತ್ತಿದ್ದರು. ತಮಿಳುನಾಡು, ಆಂಧ್ರಗಳಲ್ಲಿ ಚರ್ಮದ ಕೆಲಸದ ನಮ್ಮ ಜನ ತಮ್ಮನ್ನು ಅರುಂಧತೀಯರು ಅಂತಲೇ ಕರೆದುಕೊಳ್ಳುತ್ತಾರೆ. ಮನುಸ್ಮೃತಿಯ ಒಂಬತ್ತನೇ ಅಧ್ಯಾಯವೇ ಕೀಳು ಹುಟ್ಟಿನ ಅಕ್ಷಮಾಲೆ ವಸಿಷ್ಠನನ್ನು ಕೂಡಿ ಪೂಜ್ಯಳಾದಳು ಅನ್ನುತ್ತದೆ. ಅವಳೇ ಅರುಂಧತಿ ಅನ್ನೋ ಮಾತು ಹಳೆಯದು. ಮಂಟಪದೊಳಗೆ ಬಿಟ್ಟುಕೊಳ್ಳದವರ ಮಗಳನ್ನು ಮಂಟಪದಿಂದ ಆಚೆ ಬಂದು ಕೈಮುಗಿದು ನೋಡುತ್ತಾರೆ. ಮಹಾರಾಷ್ಟ್ರದಲ್ಲಿ ಗ್ರಹಣ ಹಿಡಿದಾಗ ಮಹಾರ, ಮಾಂಗ ಕೇರಿಯವರು ದಾನ ಕೊಡಿ, ಗ್ರಹಣ ಬಿಡಲಿ ಅಂತ ಕೂಗಿಕೊಂಡು ಬೀದಿಗೆ ಬರುವ ಪದ್ಧತಿ ಇತ್ತು. ರಾಹು ಅವರ ಕಡೆಯವನು ಅನ್ನೋ ನಂಬಿಕೆ ಊರಿನದು. ಸಂಪಿಗೆ ಕಡೆಯ ಒಬ್ಬಳು ಅಜ್ಜಿ ರಾಹುವಿನ ಪರವಾಗಿ ವಕಾಲತ್ತು ಮಾಡಿದ್ದರೆ ಅದು ಗಾಳಿಯಲ್ಲಿ ಹುಟ್ಟಿದ ಕಥೆಯಲ್ಲ. ಆ ಎರಡನೇ ಫೋಟೋ, ಖಾಲಿ ಸಾಲಿನ ಅಂಗಳ, ಅದರ ಪುರಾವೆ.

ಮೂರನೆಯದು ಭಾಷೆ. ‘ಗೋಡೆಯ ಮೇಲೆ ಕುಡುಗೋಲಿನ ಆಕಾರದ ಬಿಂಬಗಳು ಮೂಡಿದವು’ ಅಂತ ಬರೆದಿದ್ದರೆ ಹತ್ತಕ್ಕೆ ಒಂಬತ್ತು ಸಿಗುತ್ತಿತ್ತು. ಆದರೆ ಆಗ ಅದು ಅವಳ ಮನೆಯ ಗೋಡೆ ಆಗುತ್ತಿರಲಿಲ್ಲ. ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ ಬರೆದಾಗ ನಂಜನಗೂಡಿನ ಕಡೆಯ ಕೇರಿ ಮಾತಿನಲ್ಲಿ ದೀಪದ ಜೋತಮ್ಮಗಳೇ ಮಾತಾಡಿದವು, ಕನ್ನಡ ಸಾಹಿತ್ಯ ತಲೆಬಾಗಿತು. ಪುಸ್ತಕವಾದಾಗ ಪ್ರಶಸ್ತಿ ಕೊಟ್ಟು, ಅದೇ ಮಾತು ಎಂಟನೇ ತರಗತಿಯ ಹಾಳೆಯಲ್ಲಿ ಬಂದಾಗ ಕೆಂಪು ಗೆರೆ ಎಳೆದರೆ, ಮುಂದಿನ ‘ಕುಸುಮಬಾಲೆ’ ಎಲ್ಲಿಂದ ಬರಬೇಕು?

*

ನಮ್ಮ ಸಂಗಾತಿಗಳಲ್ಲೇ ಕೆಲವರು ಕೇಳುತ್ತಾರೆ: ಮ್ಯಾನ್‌ಹೋಲಿಗೆ ಇಳಿದು ನಮ್ಮ ಹುಡುಗರು ಸಾಯುತ್ತಿರುವಾಗ ನಿನಗ್ಯಾಕೆ ಚಂದ್ರನ ಮಾತು? ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು, ಸಾವು ನಿಲ್ಲಲಿಲ್ಲ. ಆ ಪ್ರಶ್ನೆ ಸುಳ್ಳಲ್ಲ. ನಾನೂ ಕೇಳುತ್ತೇನೆ. ಆದರೆ ಅದನ್ನು ಆಕಾಶ ಬಿಟ್ಟುಕೊಡಲು ಕಾರಣ ಮಾಡಿಕೊಳ್ಳಬಾರದು. ಚಂದ್ರ ಅವರಿಗೆ, ಮ್ಯಾನ್‌ಹೋಲು ನಮಗೆ ಅಂತ ಹಂಚಿಕೆ ಮಾಡಿದವರೇ ಅವರು, ಆ ಪಾಲುಪಟ್ಟಿಗೆ ನಾವು ಯಾಕೆ ಸಹಿ ಹಾಕಬೇಕು?

ರೋಹಿತ್ ವೇಮುಲ ನೆನಪಾಗುತ್ತಾನೆ. 2016ರ ಜನವರಿ 17ರಂದು ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಪ್ರಾಣ ಬಿಟ್ಟ ಆ ಸಂಶೋಧಕನ ಕೊನೆಯ ಪತ್ರ ಓದಿದವರಿಗೆ ಗೊತ್ತು. ಅವನಿಗೆ ಕಾರ್ಲ್ ಸಾಗನ್ ಹಾಗೆ ವಿಜ್ಞಾನದ ಲೇಖಕನಾಗುವ ಆಸೆ ಇತ್ತು. ನಕ್ಷತ್ರಗಳನ್ನು ಪ್ರೀತಿಸಿದವನು. ನಕ್ಷತ್ರದ ಧೂಳಿನಿಂದ ಆದ ಮನುಷ್ಯನನ್ನು ಒಂದು ಗುರುತಿಗೆ, ಒಂದು ಓಟಿಗೆ ಇಳಿಸಿಬಿಟ್ಟರು ಅನ್ನೋ ಅರ್ಥದಲ್ಲಿ ಬರೆದು ಹೋದ. ಅವನು ಆಕಾಶ ಕೇಳಿದ್ದ. ನಮ್ಮ ಮಕ್ಕಳು ಕೇಳುತ್ತಿರುವುದೂ ಅದನ್ನೇ.

ಇಸ್ರೋದ ಹಳೆಯ ಫೋಟೋ ಒಂದಿದೆ, ಓದುಗರು ನೋಡಿರುತ್ತೀರಿ. 1981ರಲ್ಲಿ ಹಾರಿದ ಆ್ಯಪಲ್ ಉಪಗ್ರಹವನ್ನು ಪರೀಕ್ಷೆಗೆ ಎತ್ತಿನ ಗಾಡಿ ಮೇಲೆ ಇಟ್ಟಿದ್ದಾರೆ. ಲೋಹದ ಲಾರಿ ಪರೀಕ್ಷೆಗೆ ಅಡ್ಡಿ ಮಾಡುತ್ತದೆ ಅಂತ ಮರದ ಗಾಡಿ ತಂದರು. ಬಡ ದೇಶ ಎಷ್ಟು ಜಾಣ ಅಂತ ಎಲ್ಲರೂ ಆ ಚಿತ್ರದ ಕಥೆ ಹೇಳುತ್ತಾರೆ. ಗಾಡಿ ಯಾರದು, ಎತ್ತು ಯಾರವು ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಜಿಲ್ಲೆಯದೇ ಇನ್ನೊಂದು: ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಒಪ್ಪಿತು, ಅದೇ ವರ್ಷ ಜಾಗವನ್ನು ಬಾಹ್ಯಾಕಾಶ ಇಲಾಖೆಗೆ ಕೊಡಲು ತೀರ್ಮಾನಿಸಿತು. ಗಡಿಯಾರ ಜೋಡಿಸುತ್ತಿದ್ದ ಕೈಗಳು ಏನಾದವು? ಬಾಹ್ಯಾಕಾಶದ ಮೇಲೆ ಕಥೆ ಬರೆಯಿರಿ ಅಂತ ತುಮಕೂರು ಜಿಲ್ಲೆಯ ಮಗುವಿಗೆ ಹೇಳಿದರೆ ಇದೂ ಬಾಹ್ಯಾಕಾಶದ ಕಥೆಯೇ. ಅಂಥ ಕಥೆ ಬಂದರೆ ಒಳಗೆ ಬಿಟ್ಟುಕೊಳ್ಳುವ ಸ್ಪರ್ಧೆ ಬೇಕು.

ಬೈದು ಎದ್ದುಹೋಗುವುದು ಸುಲಭ. ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಫೋನಿಲ್ಲದೆ ಶುರುಮಾಡಿ. ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಕಾಳಿನಷ್ಟು ತೂತು ಬಿಟ್ಟು, ಬಿಸಿಲಿಗೆ ಹಿಡಿದು ಶಾಲೆಯ ಕತ್ತಲೆ ಗೋಡೆ ಮೇಲೆ ಸೂರ್ಯನನ್ನು ಬೀಳಿಸಿ. ಮಕ್ಕಳು ಗೋಡೆ ನೋಡಲಿ, ಸೂರ್ಯನನ್ನು ನೇರ ನೋಡದಿರಲಿ. ಏಪ್ರಿಲ್ ಕೊನೆಯ ವಾರ, ಆಗಸ್ಟ್ ನಡುವಿನಲ್ಲಿ ನಮ್ಮ ಸೀಮೆಯಲ್ಲಿ ನಡುಮಧ್ಯಾಹ್ನ ನೆರಳು ಕಾಲಡಿಗೆ ಬಂದು ಮಾಯವಾಗುವ ದಿನ ಇದೆ, ಆವತ್ತು ಎಲ್ಲ ಮಕ್ಕಳನ್ನೂ ಒಂದೇ ಬಯಲಲ್ಲಿ ನಿಲ್ಲಿಸಿ. ತೋಟದೊಳಗೆ ಧ್ರುವವೂ ಕಾಣದು, ತ್ರಿಶಂಕುವೂ ಕಾಣದು, ಮರ ಅಡ್ಡ. ಕೆರೆ ಏರಿಗೆ ಕರೆದುಕೊಂಡು ಹೋಗಿ, ಕೇರಿಯ ಮಕ್ಕಳನ್ನೂ ಊರಿನ ಮಕ್ಕಳನ್ನೂ ಕೂಡಿಸಿ. ಭರಣಿ, ಕೃತ್ತಿಕೆ, ರೋಹಿಣಿ, ಆರಿದ್ರ ಅಂತ ಮಳೆ ಹೆಸರು ಹೇಳುವ ಅಜ್ಜಿಯರನ್ನು ಶಾಲೆಗೆ ಕರೆಯಿರಿ, ಬಾಯಲ್ಲಿ ಹೇಳಿದ ಕಥೆಗೂ ನಂಬರು ಕೊಡಿ. ಫೋಟೋ ಬೇಕೇ ಬೇಕು ಅಂದರೆ ಶಾಲೆಗೆ ಒಂದು ಫೋನು, ಒಂದು ಸ್ಟ್ಯಾಂಡು, ಸರದಿ ಪ್ರಕಾರ. ಸ್ಪರ್ಧೆಯೇ ಬೇಡ ಅನ್ನಲ್ಲ. ಪಂಕ್ತಿ ಒಂದೇ ಇರಲಿ.

ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ ಇತ್ತು. ಹಾಳೆ ವಾಪಸು ಕೊಡುವ ನೆಪದಲ್ಲಿ ಆ ಹುಡುಗಿಯ ಕೇರಿಗೆ ಹೋದೆ. ‘ಅಣ್ಣ, ಎಷ್ಟನೇ ನಂಬರ್ ಬಂತು?’ ಅಂದಳು. ನಂಬರು ಬರಲಿಲ್ಲ, ತಪ್ಪು ನಮ್ಮದು, ನನ್ನದು, ಅಂದೆ. ಅವಳು ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದಳು. ‘ಗ್ವಾಡೆ ಅನ್ನದೆ ಇನ್ನೇನನ್ಬೇಕು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೊಂದರ ಮೇಲೆ ಮೋಡದ ಸಂದಿನಲ್ಲಿ ಚಂದ್ರ ಕೆಂಪಗೆ ಕಂಡ. ಭೂಮಿಯ ಅಂಚಿನ ಎಲ್ಲ ಊರುಗಳ ಬೆಳಗೂ ಬೈಗೂ ಸೋಸಿ ಬಂದ ಬೆಳಕು ಅದು ಅಂತ ವಿವರಿಸಿದೆ. ಒಳಗಿನಿಂದ ಅಜ್ಜಿ, ‘ಆಚಿಕೆ ನಿಲ್ಬ್ಯಾಡ್ರವ್ವ’ ಅಂತ ಎರಡು ಸಲ ಕೂಗಿದಳು. ಮೂರನೇ ಸಲ ಕೂಗಲಿಲ್ಲ, ಸೆರಗು ತಲೆ ಮೇಲೆ ಎಳೆದುಕೊಂಡು ತಾನೇ ಆಚೆ ಬಂದು ನಿಂತಳು.

ಮಾರನೆಯ ದಿನ ಸಂಸ್ಥೆಯವರಿಗೆ ಕಾಗದ ಬರೆದೆ. ಆ ಫಲಿತಾಂಶಕ್ಕೆ ನನ್ನ ಒಪ್ಪಿಗೆ ಇಲ್ಲ, ನನ್ನ ಸಹಿಯನ್ನು ಹೊಡೆದುಹಾಕಿ ಅಂತ. ಉತ್ತರ ಬಂದಿಲ್ಲ. ಬರದಿದ್ದರೂ ಸರಿಯೆ, ಇಲ್ಲಿ ಅಚ್ಚಾಗಿರಲಿ.